ಒಂದೂವರೆ ಅಡಿಗೆ ಹದಿನೆಂಟು ಅಡಿ

ಮಗಳೇ, ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ನಿನ್ನ ಪಾಲಿಗೆ ಬಂದ ಮೊದಲ ಕಟ್ಟಡವೇ ಗ್ರಾಮ ಪಂಚಾಯಿತಿ ಕಚೇರಿ ಎಂದು ಕೇಳಿ ತುಂಬಾ ಸಂತೋಷವಾಯಿತು. ಕಂದಾಯ, ಜಾಬ್ ಕಾರ್ಡ್, ಇ-ಸ್ವತ್ತು ಎಂದು ಒಂದಲ್ಲ ಒಂದು ಕೆಲಸಕ್ಕೆ ಊರಿನವರೆಲ್ಲ ಹತ್ತಲೇಬೇಕಾದ ಬಾಗಿಲು ಅದು. ಕಾಲಿಲ್ಲವೆಂದೋ ಕಣ್ಣಿಲ್ಲವೆಂದೋ ಯಾರೂ ಆ ಬಾಗಿಲ ಮುಂದೆ ನಿಂತು ಇನ್ನೊಬ್ಬರ ಕೈ ಕಾಯುವಂತಾಗಬಾರದು. ಅದು ನಿನ್ನ ನಕ್ಷೆಯ ಮೇಲೆಯೇ ನಿಂತಿದೆ. ಅದಕ್ಕೇ ಈ ಕೆಲವು ಮಾತು.

ಮೊದಲು ಇಳಿಜಾರಿನ ಲೆಕ್ಕ. 'ಮೆಟ್ಟಿಲ ಪಕ್ಕ ಒಂದು ರ‍್ಯಾಂಪ್ ಹಾಕಿದರಾಯ್ತು ಮೇಡಂ' ಎಂದು ಗುತ್ತಿಗೆದಾರ ಹೇಳುತ್ತಾನೆ. ತಲೆಯಾಡಿಸುವ ಮೊದಲು ಟೇಪು ಹಿಡಿ. 1 ಅಡಿ ಏರಬೇಕಾದರೆ ಇಳಿಜಾರು ಕನಿಷ್ಠ 12 ಅಡಿ ಉದ್ದವಿರಬೇಕು. 6 ಅಂಗುಲದ ಮೂರು ಮೆಟ್ಟಿಲು ಇಟ್ಟರೆ ನೆಲಮಟ್ಟ ಒಂದೂವರೆ ಅಡಿ ಎತ್ತರವಾಯಿತು. ಅಂದರೆ 18 ಅಡಿ ಇಳಿಜಾರು ಬೇಕು. ಕಟ್ಟಡವೆಲ್ಲ ಎದ್ದ ಮೇಲೆ ಜಾಗ ಹುಡುಕಿದರೆ ಸಿಗುವುದು 6 ಅಡಿ. ಅಷ್ಟರಲ್ಲಿ ಕಟ್ಟಿದ್ದು ಜಾರುಬಂಡೆಯೇ ಸರಿ. ಗಾಲಿಕುರ್ಚಿಯಲ್ಲಿ ಕೂತವರು ಒಬ್ಬರೇ ಹತ್ತಲು ಹೋದರೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ, ಇಳಿಯುವಾಗ ಚಕ್ರ ಕೈಗೆ ನಿಲ್ಲುವುದಿಲ್ಲ. ಆದ್ದರಿಂದ ಪಾಯದ ಗುರುತು ಹಾಕುವ ದಿನವೇ ಆ 18 ಅಡಿಯನ್ನು ಎತ್ತಿಡು. ನೇರಕ್ಕೆ ಸಿಗದಿದ್ದರೆ ನಡುವೆ 5 ಅಡಿಯ ಸಮತಟ್ಟು ಬಿಟ್ಟು ತಿರುಗಿಸು. ಅಂಗಳ ವಿಶಾಲವಾಗಿದ್ದರೆ ಇನ್ನೂ ಒಳ್ಳೆಯ ದಾರಿಯಿದೆ: ಗೇಟಿನಿಂದಲೇ ಮಣ್ಣು ತುಂಬಿಸಿ, 20 ಅಡಿಗೆ 1 ಅಡಿಯಂತೆ ನೆಲವನ್ನೇ ಮೆಲ್ಲಗೆ ಏರಿಸಿ ಬಾಗಿಲಿಗೆ ಸೇರಿಸು. ಆಗ ಎಲ್ಲರೂ ಒಂದೇ ದಾರಿಯಲ್ಲಿ, ಒಂದೇ ಬಾಗಿಲಲ್ಲಿ ಒಳಗೆ ಬರುತ್ತಾರೆ. ವಿಕಲಚೇತನರಿಗೆಂದು ಹಿತ್ತಲ ಬಾಗಿಲು ತೋರಿಸುವುದು ಗೌರವವಲ್ಲ.

ಇಳಿಜಾರಿನ ಎರಡೂ ಬದಿಗೆ ಕಂಬಿ ಇರಲಿ, ಅಗಲ 4 ಅಡಿಗೆ ಕಡಿಮೆಯಾಗದಿರಲಿ. ಅಂದಕ್ಕೆಂದು ಪಾಲಿಶ್ ಮಾಡಿದ ಗ್ರಾನೈಟ್ ಹಾಕಿಸಬೇಡ, ಮಳೆಗಾಲದಲ್ಲಿ ಊರುಗೋಲು ಜಾರುತ್ತದೆ. ಬುಡದಲ್ಲಿ ನೀರು ಹರಿಯಲು ಬಿಡುವ ಮೋರಿಯ ಕಬ್ಬಿಣದ ಜಾಲರಿಯನ್ನೂ ನೋಡಿಕೋ. ಅದರ ಸಂದು ಅಗಲವಾಗಿದ್ದರೆ ಗಾಲಿಕುರ್ಚಿಯ ಮುಂದಿನ ಸಣ್ಣ ಚಕ್ರ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಇನ್ನು ಶೌಚಾಲಯ. ಹೆಚ್ಚಿನ ಕಟ್ಟಡಗಳು ಸೋಲುವುದು ಇಲ್ಲಿ. ಒಳಗೆ ಗಾಲಿಕುರ್ಚಿ ಪೂರ್ತಿ ತಿರುಗಲು 1.5 ಮೀಟರ್ ವ್ಯಾಸದ ಖಾಲಿ ನೆಲ ಬೇಕು. ಬಾಗಿಲಿನ ತೆರವು 90 ಸೆಂ.ಮೀ. ಇರಲಿ, ಮತ್ತು ಅದು ಹೊರಕ್ಕೆ ತೆರೆಯಲಿ. ಯಾಕೆಂದರೆ ಒಳಗೆ ಯಾರಾದರೂ ಬಿದ್ದರೆ, ಒಳಕ್ಕೆ ತೆರೆಯುವ ಬಾಗಿಲಿಗೆ ಬಿದ್ದವರ ಮೈಯೇ ಅಡ್ಡವಾಗುತ್ತದೆ. ಎತ್ತಲು ಹೋದವರಿಗೆ ಒಳಗೆ ಹೋಗುವುದಕ್ಕಾಗುವುದಿಲ್ಲ. ಕಮೋಡಿನ ಒಂದು ಪಕ್ಕ ಗಾಲಿಕುರ್ಚಿ ನಿಲ್ಲಿಸಲು ಜಾಗ ಬಿಡು, ಅದರ ಎತ್ತರ ಕುರ್ಚಿಯ ಎತ್ತರಕ್ಕೆ ಸರಿಯಾಗಿರಲಿ. ಆಗ ಒಂದರಿಂದ ಇನ್ನೊಂದಕ್ಕೆ ಸರಿದುಕೊಳ್ಳಬಹುದು. ಹಾಗೆ ಸರಿಯುವಾಗ ಇಡೀ ಮೈಭಾರ ಬೀಳುವುದು ಗೋಡೆಯ ಕಂಬಿಯ ಮೇಲೆ. ಟೈಲ್ಸ್ ಹಾಕಿದ ಮೇಲೆ ಎರಡು ಸ್ಕ್ರೂ ಬಿಗಿದ ಕಂಬಿ ಆ ಭಾರಕ್ಕೆ ಕಿತ್ತುಬರುತ್ತದೆ. ಗೋಡೆ ಏಳುವಾಗಲೇ ಮೇಸ್ತ್ರಿಗೆ ಜಾಗ ತೋರಿಸಿ ಗಟ್ಟಿ ಆಧಾರ ಕೂರಿಸು. ಇಷ್ಟೆಲ್ಲ ಮಾಡಿದ ಮೇಲೆ ಅದು ಪೊರಕೆ, ಬಕೆಟ್ಟು ಇಡುವ ಕೋಣೆಯಾಗಬಾರದು, ಬೀಗದ ಕೈಗಾಗಿ ಯಾರನ್ನೂ ಹುಡುಕುವಂತಾಗಬಾರದು ಎಂದು ಪಿಡಿಒ ಅವರಿಗೆ ಬಿಡಿಸಿ ಹೇಳು.

ಗಾಲಿಕುರ್ಚಿಯೊಂದನ್ನೇ ಮನಸ್ಸಿನಲ್ಲಿಟ್ಟುಕೊಳ್ಳಬೇಡ. 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಇವೆ. ಬೆಂಗಳೂರಿನ ಮೆಟ್ರೊ ನಿಲ್ದಾಣಗಳಲ್ಲಿ ಕಣ್ಣು ಕಾಣದವರಿಗೆಂದು ಹಾಕಿದ ಉಬ್ಬು ಗೆರೆಯ ಟೈಲ್ಸ್ ನೋಡಿರುತ್ತೀಯ. ಉದ್ದ ಗೆರೆ ಎಂದರೆ ಮುಂದೆ ಹೋಗಬಹುದು, ಗುಂಡು ಚುಕ್ಕಿ ಎಂದರೆ ನಿಲ್ಲಬೇಕು. ಅವೆರಡನ್ನೂ ಅದಲುಬದಲು ಮಾಡಿ ಹಾಕಿದರೆ ಕಾಣದವರನ್ನು ನಾವೇ ಅಪಾಯಕ್ಕೆ ತಳ್ಳಿದಂತೆ. ಮಂದದೃಷ್ಟಿಯವರಿಗೆ ಮೆಟ್ಟಿಲಿನ ಅಂಚಿಗೊಂದು ಬೇರೆ ಬಣ್ಣದ ಪಟ್ಟಿ ಸಾಕು, ಎಡವುವುದು ತಪ್ಪುತ್ತದೆ. ಕಿವಿ ಕೇಳದ ಹಲವರು ತುಟಿ ನೋಡಿ ಮಾತು ತಿಳಿಯುತ್ತಾರೆ, ಆದ್ದರಿಂದ ಕೌಂಟರಿನಲ್ಲಿ ಕೂತವರ ಮುಖಕ್ಕೆ ಬೆಳಕು ಬೀಳಲಿ. ಕೌಂಟರಿನ ಒಂದು ಭಾಗ ಗಾಲಿಕುರ್ಚಿಯಲ್ಲಿ ಕೂತು ಬಂದವರ ಎದೆಮಟ್ಟಕ್ಕಿಂತ ಕೆಳಗಿರಲಿ.

'ಇದಕ್ಕೆಲ್ಲ ಎಸ್ಟಿಮೇಟಿನಲ್ಲಿ ದುಡ್ಡಿಲ್ಲ' ಎಂದು ಯಾರಾದರೂ ಹೇಳಿದರೆ ಹೆದರಬೇಡ. ನಕ್ಷೆಯಲ್ಲಿ ಬಾಗಿಲನ್ನು ನಾಲ್ಕು ಅಂಗುಲ ಸರಿಸಲು ಖರ್ಚಿಲ್ಲ, ಕಟ್ಟಿದ ಗೋಡೆ ಒಡೆಯಲು ಖರ್ಚಿದೆ. ಕಾನೂನೂ ನಿನ್ನ ಕಡೆಗಿದೆ. 2016ರ ಕಾಯ್ದೆಯ 44ನೇ ಸೆಕ್ಷನ್ ಪ್ರಕಾರ, ವಿಕಲಚೇತನರ ಪ್ರವೇಶಕ್ಕೆಂದು ಮಾಡಿದ ನಿಯಮಗಳನ್ನು ಪಾಲಿಸದ ನಕ್ಷೆಗೆ ಅನುಮತಿ ಕೊಡುವಂತಿಲ್ಲ, ಕಟ್ಟಡ ಮುಗಿದ ಪ್ರಮಾಣಪತ್ರವನ್ನೂ ಕೊಡುವಂತಿಲ್ಲ. ಇವು ಬರೀ ಸಲಹೆಗಳಾಗಿ ಉಳಿಯಬಾರದು, ಕಡ್ಡಾಯ ನಿಯಮಗಳಾಗಬೇಕು ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ರಾಜೀವ್ ರತೂರಿ ಪ್ರಕರಣದಲ್ಲಿ ಹೇಳಿದೆ. 2011ರ ಜನಗಣತಿಯ ಲೆಕ್ಕದಲ್ಲೇ ನಮ್ಮ ರಾಜ್ಯದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದರು. 'ನಮ್ಮೂರಲ್ಲಿ ಅಂಥವರು ಯಾರೂ ಕಚೇರಿಗೆ ಬರುವುದಿಲ್ಲ' ಎನ್ನುವವರಿಗೆ ಕೇಳು: ಬರುವುದಕ್ಕೆ ದಾರಿ ಎಲ್ಲಿತ್ತು?

ಕೊನೆಯ ಮಾತು, ಮುಖ್ಯವಾದದ್ದು. ಪುಸ್ತಕದ ಅಳತೆ ಬೇಕು, ಆದರೆ ಬಳಸುವವರನ್ನು ಕೇಳದೆ ಅದು ಪೂರ್ತಿಯಾಗುವುದಿಲ್ಲ. ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿರುತ್ತಾರೆ; ಅವರೂ ವಿಕಲಚೇತನರೇ, ಊರಿನ ಪ್ರತಿ ಮನೆಯ ಕಷ್ಟ ಅವರಿಗೆ ಗೊತ್ತು. ಸುಣ್ಣದ ಪುಡಿಯಲ್ಲಿ ಗುರುತು ಹಾಕುವ ದಿನ ಅವರನ್ನೂ, ಗಾಲಿಕುರ್ಚಿ ಬಳಸುವ ಒಬ್ಬರನ್ನೂ ಕರೆಸು. ಆ ಬಿಳಿ ಗೆರೆಗಳ ಒಳಗೆ ಕುರ್ಚಿ ತಿರುಗಿಸಿ ನೋಡಲಿ. ಮೊಣಕೈ ಗೆರೆ ದಾಟಿತು ಎಂದರೆ ನಾಳೆ ಅದು ಗೋಡೆಗೆ ತಾಗುತ್ತದೆ ಎಂದೇ ಅರ್ಥ. ಅಲ್ಲೇ ಗೆರೆ ಅಳಿಸಿ ಸರಿಮಾಡು.

ಕೆಲಸ ಮುಗಿದಾಗ ಅವರನ್ನೇ ಮತ್ತೆ ಕರೆಸು. ರಸ್ತೆಯಿಂದ ಗೇಟು, ಗೇಟಿನಿಂದ ಕೌಂಟರು, ಅಲ್ಲಿಂದ ಶೌಚಾಲಯ, ಮತ್ತೆ ರಸ್ತೆ: ಇಷ್ಟನ್ನೂ ಅವರು ಯಾರ ಸಹಾಯವೂ ಇಲ್ಲದೆ ಒಬ್ಬರೇ ಸುತ್ತಿ ಬರಲಿ. ಎಲ್ಲಾದರೂ ಒಂದು ಕಡೆ ತಡೆದು ನಿಂತರೂ, ಯಾರು ಎಷ್ಟೇ ಅವಸರ ಮಾಡಿದರೂ, ಕೊನೆಯ ಬಿಲ್ಲಿಗೆ ಸಹಿ ಹಾಕಬೇಡ.