ಮತ್ತೆ ಸಿಗದ ಟೀಮ್‌ಮೇಟ್

ಕಳೆದ ಮಳೆಗಾಲದಲ್ಲಿ ಖಾನಾಪುರದ ಮನೆಯಿಂದ ಗೇಮ್ ಆಡ್ತಿದ್ದೆ. ಹೊರಗೆ ಜೋರು ಮಳೆ, ಪಿಂಗ್ 300 ದಾಟಿತ್ತು. ಅಂದ್ರೆ ಫೋನ್‌ನಿಂದ ಹೊರಟ ಡೇಟಾ ಸರ್ವರ್ ಮುಟ್ಟಿ ವಾಪಸ್ ಬರೋಕೆ 300 ಮಿಲಿಸೆಕೆಂಡ್. ನಾನು ಗುರಿ ಇಡೋದ್ರಲ್ಲಿ ಸತ್ತಿದ್ದೆ. ಆಗ ಬೈದಿದ್ದು ಎದುರಾಳಿ ಅಲ್ಲ, ನಮ್ಮ ಟೀಮ್‌ನವನೇ. ಮೊದಲು ನನಗೆ, ಆಮೇಲೆ ನಮ್ಮ ಅವ್ವನಿಗೆ. ನಾನು ಮೈಕ್ ಆಫ್ ಮಾಡಿದೆ.

ಇದನ್ನ ದೊಡ್ಡಪ್ಪನ ಮಗನಿಗೆ ಹೇಳಿದೆ. ಅಣ್ಣ ತನ್ನ ಕಾಲೇಜು ದಿನಗಳಲ್ಲಿ ಬೆಳಗಾವಿಯ ಒಂದು ಸೈಬರ್ ಕೆಫೆಯಲ್ಲಿ ಕೌಂಟರ್ ಸ್ಟ್ರೈಕ್ 1.6 ಆಡಿದವನು. ಎಲ್ಲ ಕಂಪ್ಯೂಟರ್ ಒಂದೇ ಲ್ಯಾನ್‌ನಲ್ಲಿ, ಆಡೋರೆಲ್ಲ ಒಂದೇ ರೂಮಿನಲ್ಲಿ. "ನಾವೂ ಬೈತಿದ್ವಿ. ಆದ್ರ ಬೈಸಿಕೊಂಡಾವ ಬಾಜೂ ಕುರ್ಚಿನ್ಯಾಗ ಇರ್ತಿದ್ದ. ನಾಳೆ ಮತ್ತ ಅವನ ಜೋಡಿನೇ ಆಡಬೇಕಲ್ಲೋ" ಅಂದ.

"ನಾಳೆ ಮತ್ತೆ" ಅನ್ನೋ ಈ ಮಾತಿಗೆ ಗೇಮ್ ಥಿಯರಿಯಲ್ಲಿ ದೊಡ್ಡ ಬೆಲೆ ಇದೆ. ಪ್ರಿಸನರ್ಸ್ ಡಿಲೆಮಾ ತಗೊಳ್ಳಿ. ಇಬ್ಬರೂ ಸಹಕರಿಸಿದರೆ ತಲಾ 3 ಅಂಕ, ಇಬ್ಬರೂ ಕೈಕೊಟ್ಟರೆ ತಲಾ 1. ಒಬ್ಬನೇ ಕೈಕೊಟ್ಟರೆ ಅವನಿಗೆ 5, ಇನ್ನೊಬ್ಬನಿಗೆ ಸೊನ್ನೆ. ಒಂದೇ ಸುತ್ತು ಆಡೋದಾದ್ರೆ ಕೈಕೊಡೋದೇ ಲಾಭ. ಆದರೆ ರಾಬರ್ಟ್ ಆಕ್ಸೆಲ್‌ರಾಡ್ ಇದೇ ಆಟವನ್ನು ಕಂಪ್ಯೂಟರ್ ಪ್ರೋಗ್ರಾಮ್‌ಗಳ ನಡುವೆ ನೂರಾರು ಸುತ್ತು ಆಡಿಸಿದಾಗ ಗೆದ್ದದ್ದು "ಟಿಟ್ ಫಾರ್ ಟ್ಯಾಟ್": ಮೊದಲು ಸಹಕರಿಸು, ಆಮೇಲೆ ಎದುರಿನವನು ಮಾಡಿದ್ದನ್ನೇ ಮಾಡು. 1984ರ ತಮ್ಮ ಪುಸ್ತಕದಲ್ಲಿ ಅವರು ಕೊಟ್ಟ ಕಾರಣ ಸರಳ. ಮತ್ತೆ ಭೇಟಿಯಾಗುವ ಸಾಧ್ಯತೆ ಸಾಕಷ್ಟಿದ್ದರೆ ಮಾತ್ರ ಸಹಕಾರ ಉಳಿಯುತ್ತದೆ.

ಹಳೇ ಆನ್‌ಲೈನ್ ಗೇಮ್‌ಗಳಲ್ಲೂ ಈ ಸಾಧ್ಯತೆ ಇತ್ತು. ಸರ್ವರ್ ಪಟ್ಟಿಯಿಂದ ನಾವೇ ಒಂದನ್ನು ಆರಿಸಬೇಕಿತ್ತು. ದಿನಾ ಅಲ್ಲಿಗೇ ಹೋದ್ರೆ ಅದೇ ಹೆಸರುಗಳು ಸಿಗ್ತಿದ್ದವು, ಅತಿಯಾಗಿ ಆಡಿದವನನ್ನ ಅಡ್ಮಿನ್ ಹೊರಗೆ ಹಾಕ್ತಿದ್ದ. ಈಗ ಮ್ಯಾಚ್‌ಮೇಕಿಂಗ್ ಬಂದಿದೆ. ಪ್ಲೇ ಒತ್ತಿದ್ರೆ ರ‍್ಯಾಂಕ್, ಪಿಂಗ್ ನೋಡಿ ಅದೇ ಟೀಮ್ ಕಟ್ಟುತ್ತೆ. ಕಾಯೋದು ಕಡಿಮೆ, ಸಮಬಲದವರು ಸಿಗ್ತಾರೆ, ಇದು ನಿಜವಾದ ಅನುಕೂಲ. ಆದ್ರೆ ಮ್ಯಾಚ್ ಮುಗಿದ ಕೂಡಲೇ ಟೀಮ್ ಚೆಲ್ಲಾಪಿಲ್ಲಿ. ಲಕ್ಷಾಂತರ ಜನರಲ್ಲಿ ಅವನೇ ಮತ್ತೆ ಸಿಗೋದು ಅಪರೂಪ. ಪ್ರತಿ ಮ್ಯಾಚೂ ಒಂದೇ ಸುತ್ತಿನ ಆಟ ಆಗಿಬಿಟ್ಟಿದೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಪರೀಕ್ಷೆ ಕೆಟ್ಟ ಹೋದ ರಾತ್ರಿ ನಾನೂ ಒಬ್ಬ ಹೊಸಬನನ್ನ ಕೆಟ್ಟದಾಗಿ ಬೈದು ಹೊರಬಂದಿದ್ದೆ. ಕ್ಷಮೆ ಕೇಳೋಣ ಅಂದ್ರೆ ಅವನ ಐಡಿ ಕೂಡ ನೆನಪಿಲ್ಲ.

ಈಗ ಹಾಸ್ಟೆಲ್‌ನ ನಾವು ನಾಲ್ವರು ಒಂದೇ ಸ್ಕ್ವಾಡ್ ಆಗಿ ಆಡ್ತೀವಿ. ಒಬ್ಬ ಊರಿಗೆ ಹೋದ ದಿನ ಹೊರಗಿನವನು ಸೇರ್ತಾನೆ. ಅವನು ಚೆನ್ನಾಗಿ ನಡ್ಕೊಂಡ್ರೆ ಮ್ಯಾಚ್ ಮುಗಿಯೋ ಮೊದಲೇ ಫ್ರೆಂಡ್ ರಿಕ್ವೆಸ್ಟ್ ಕಳಿಸ್ತೀವಿ. ನೀವೂ ಮಾಡಿ ನೋಡಿ.