ಎಲುಬಿನ ಇಂಜೆಕ್ಷನ್: ಹೆದರಿ ಬಿಡುವುದು ಬೇಡ, ಕೇಳಿ ತಿಳಿಯೋಣ



ಸುಳ್ಯದ ಕಡೆಯ ಒಂದು ಸಂಘದ ಸಭೆಗೆ ನಾವು ಹೋಗಿದ್ದೆವು. ಉಳಿತಾಯದ ಲೆಕ್ಕ ಮುಗಿದ ಮೇಲೆ ಒಬ್ಬ ಸದಸ್ಯೆ ನಮ್ಮನ್ನು ಬದಿಗೆ ಕರೆದರು. ಅವರ ನಾದಿನಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿತ್ತು. ಈಗ ಅದು ಸೊಂಟದ ಎಲುಬಿಗೆ ಹರಡಿದೆ. ಮಂಗಳೂರಿನಲ್ಲಿ ಎಲುಬಿಗೆಂದು ಒಂದು ಇಂಜೆಕ್ಷನ್ ಕೊಟ್ಟರು. ಮರುದಿನ ಚಳಿ ಜ್ವರ, ಮೈಯೆಲ್ಲ ನೋವು. "ಇನ್ನು ಆ ಸೂಜಿ ಬೇಡವೇ ಬೇಡ ಅಂತ ಕೂತಿದ್ದಾಳೆ ಸಿಸ್ಟರ್, ಎಂತ ಮಾಡೂದು?" ಎಂದು ಕೇಳಿದರು.

ಈ ಪ್ರಶ್ನೆ ಒಬ್ಬರದ್ದಲ್ಲ. ಪುತ್ತೂರು, ಕಡಬದ ಮನೆಗಳಲ್ಲೂ ನಾವು ಇದನ್ನೇ ಕೇಳಿದ್ದೇವೆ. ಹಾಗಾಗಿ ಈ ಪಾಠ.

ಈ ಇಂಜೆಕ್ಷನ್ ಯಾಕೆ?

ಸ್ತನ, ಪ್ರಾಸ್ಟೇಟ್, ಶ್ವಾಸಕೋಶದ ಕ್ಯಾನ್ಸರ್ ಕೆಲವರಲ್ಲಿ ಎಲುಬಿಗೆ ಹರಡುತ್ತದೆ. ಮೈಲೋಮಾ ಎಂಬ ಕ್ಯಾನ್ಸರ್ ಎಲುಬಿನ ಒಳಗಿನ ಮಜ್ಜೆಯಲ್ಲೇ ಶುರುವಾಗುತ್ತದೆ. ಗೆದ್ದಲು ತಿಂದ ಕಂಬದ ಹಾಗೆ ಎಲುಬು ಒಳಗಿಂದ ಸವೆಯುತ್ತದೆ. ಸಣ್ಣ ಪೆಟ್ಟಿಗೂ ಮುರಿಯಬಹುದು. ಈ ಸವೆತವನ್ನು ನಿಧಾನ ಮಾಡುವುದೇ ಇಂಜೆಕ್ಷನ್ನಿನ ಕೆಲಸ. ಇದು ಕೀಮೋ ಅಲ್ಲ. ಕ್ಯಾನ್ಸರಿನ ಚಿಕಿತ್ಸೆ ಬೇರೆಯೇ ನಡೆಯುತ್ತದೆ.

ಹೆಚ್ಚಾಗಿ ಕೊಡುವುದು ಎರಡು ಬಗೆ. ಒಂದು ಜೋಲೆಡ್ರೋನಿಕ್ ಆಸಿಡ್: 4 ಮಿಲಿಗ್ರಾಂ ಮದ್ದನ್ನು ಡ್ರಿಪ್ ಮೂಲಕ ರಕ್ತನಾಳಕ್ಕೆ ಕನಿಷ್ಠ 15 ನಿಮಿಷ ಹಾಕುತ್ತಾರೆ. ಮೂತ್ರಪಿಂಡ ದುರ್ಬಲವಾಗಿದ್ದರೆ ಪ್ರಮಾಣ ಕಡಿಮೆ ಮಾಡುತ್ತಾರೆ. ಇನ್ನೊಂದು ಡೆನೊಸುಮ್ಯಾಬ್: 120 ಮಿಲಿಗ್ರಾಂ, ನಾಲ್ಕು ವಾರಕ್ಕೊಮ್ಮೆ ಚರ್ಮದಡಿಗೆ.

ಜ್ವರ ಬಂದರೆ

ಜೋಲೆಡ್ರೋನಿಕ್ ಆಸಿಡ್ ಮೊದಲ ಸಲ ಹಾಕಿದಾಗ ಒಂದೆರಡು ದಿನ ಜ್ವರ, ಮೈಕೈ ನೋವು, ಸುಸ್ತು ಹಲವರಿಗೆ ಆಗುತ್ತದೆ. ಸಾಮಾನ್ಯವಾಗಿ ಮೂರು ದಿನದೊಳಗೆ ಇಳಿಯುತ್ತದೆ. ಮುಂದಿನ ಸಲ ಅಷ್ಟು ಕಾಡುವುದಿಲ್ಲ. ಆ ನಾದಿನಿಯ ಮನೆಯಿಂದ ಆಸ್ಪತ್ರೆಗೆ ಫೋನ್ ಮಾಡಿಸಿದೆವು. ಎರಡನೆಯ ಸಲ ಡಾಕ್ಟರರು ಹೇಳಿದಂತೆ ಪ್ಯಾರಾಸಿಟಮಾಲ್ ತೆಗೆದುಕೊಂಡರು. ಸ್ವಲ್ಪ ಮೈನೋವು ಮಾತ್ರ ಬಂತು. "ಇಷ್ಟು ಮೊದಲೇ ಹೇಳಿದ್ರೆ ನಾನು ಹೆದರ್ತಿರ್ಲಿಲ್ಲ" ಎಂದರು.

ಒಂದು ಎಚ್ಚರ: ಕೀಮೋ ಕೂಡ ನಡೆಯುತ್ತಿದ್ದರೆ ಯಾವ ಜ್ವರವನ್ನೂ "ಇಂಜೆಕ್ಷನ್ ಜ್ವರ" ಎಂದು ಬಿಡಬಾರದು. ಅದು ಸೋಂಕು ಇರಬಹುದು. ಕೂಡಲೇ ಆಸ್ಪತ್ರೆಗೆ ತಿಳಿಸಬೇಕು.

ಹಲ್ಲು ಮೊದಲು

ನಮ್ಮ ಊರಲ್ಲಿ ಎಲೆ ಅಡಿಕೆ ತಿನ್ನುವವರು ಹೆಚ್ಚು. ಹುಳುಕು ಹಲ್ಲು, ಸಡಿಲ ಒಸಡು ಹೊಸತಲ್ಲ. ಈ ಎರಡೂ ಮದ್ದುಗಳಿಂದ ಕೆಲವರಿಗೆ ದವಡೆಯ ಎಲುಬು ಗುಣವಾಗದೆ ಸಾಯಬಹುದು. ಹಲ್ಲು ಕೀಳಿಸಿದರೆ ಅಪಾಯ ಹೆಚ್ಚು. ಪುತ್ತೂರಿನ ಕಡೆಯ ಒಬ್ಬ ಅಮ್ಮ ಇಂಜೆಕ್ಷನ್ ನಡುವೆ ಹಲ್ಲು ಕೀಳಿಸಿದರು. ಅವರು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಗಾಯ ತಿಂಗಳುಗಟ್ಟಲೆ ಮಾಯಲಿಲ್ಲ. ಗಂಜಿ ಕುಡಿಯುವುದೂ ಕಷ್ಟವಾಯಿತು. ಆದ್ದರಿಂದ ಶುರು ಮಾಡುವ ಮೊದಲೇ ಹಲ್ಲಿನ ಡಾಕ್ಟರರಿಗೆ ತೋರಿಸಿ, ಕೀಳಬೇಕಾದ್ದನ್ನು ಕಿತ್ತು, ಗಾಯ ಒಣಗಲಿ. ಆಮೇಲೆ ಹಲ್ಲಿನ ಕೆಲಸ ಬಂದರೆ "ನನಗೆ ಎಲುಬಿನ ಇಂಜೆಕ್ಷನ್ ಉಂಟು" ಎಂದು ಮೊದಲು ಹೇಳಿ.

ಮೂತ್ರಪಿಂಡ, ಕ್ಯಾಲ್ಸಿಯಂ

ಜೋಲೆಡ್ರೋನಿಕ್ ಆಸಿಡ್ ಹಾಕುವ ಮೊದಲು ಪ್ರತಿ ಸಲವೂ ರಕ್ತದಲ್ಲಿ ಕ್ರಿಯಾಟಿನಿನ್ ನೋಡಬೇಕು. ಸಾಕಷ್ಟು ನೀರು ಕುಡಿಯಬೇಕು. ನೀರು ಮಿತಿ ಮಾಡಲು ಹೇಳಿದವರು ಡಾಕ್ಟರರನ್ನು ಕೇಳಬೇಕು. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಾವಾಗಿಯೇ ತಂದು ನುಂಗುವುದು ಮೂತ್ರಪಿಂಡಕ್ಕೆ ಇನ್ನೊಂದು ಪೆಟ್ಟು.

ಎರಡೂ ಮದ್ದು ರಕ್ತದ ಕ್ಯಾಲ್ಸಿಯಂ ಇಳಿಸಬಹುದು; ಡೆನೊಸುಮ್ಯಾಬ್‌ನಲ್ಲಿ ಇದು ಹೆಚ್ಚು. ತುಟಿ, ಬೆರಳು ಜುಮ್ಮೆಂದರೆ, ಸ್ನಾಯು ಸೆಳೆದರೆ ತಿಳಿಸಿ. ಡಾಕ್ಟರರು ಬರೆದುಕೊಟ್ಟ ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಯನ್ನು "ಶಕ್ತಿ ಮಾತ್ರೆ" ಎಂದು ಬಿಟ್ಟುಬಿಡಬೇಡಿ.

ದಾರಿ ದೂರ, ಖರ್ಚು ದೊಡ್ಡದು

ಇಂಜೆಕ್ಷನ್ನಿಗಾಗಿ ಮಂಗಳೂರಿಗೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬಂದವರದ್ದೂ ಹೋಯಿತು. ಹಾಗಾಗಿ ಒಂದು ವಿಷಯ ತಿಳಿದಿರಲಿ. ಅಮೆರಿಕದಲ್ಲಿ 1,822 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜೋಲೆಡ್ರೋನಿಕ್ ಆಸಿಡನ್ನು 4 ವಾರಕ್ಕೊಮ್ಮೆ ಪಡೆದವರಿಗೂ 12 ವಾರಕ್ಕೊಮ್ಮೆ ಪಡೆದವರಿಗೂ ಎರಡು ವರ್ಷದಲ್ಲಿ ಎಲುಬಿನ ತೊಂದರೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಆಯಿತು. ಎಲ್ಲರಿಗೂ ಇದು ಹೊಂದುತ್ತದೆ ಎಂದಲ್ಲ. ಆದರೆ "ಡಾಕ್ಟ್ರೇ, ನನಗೆ ಮೂರು ತಿಂಗಳಿಗೊಮ್ಮೆ ಆದೀತಾ?" ಎಂದು ಕೇಳಲು ಸಂಕೋಚ ಬೇಡ. ಕೇಳದೆ ತಾವೇ ದಿನ ಮುಂದೂಡುವುದು ಮಾತ್ರ ತಪ್ಪು.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ನಿಮಗೆ ಬರೆದ ಇಂಜೆಕ್ಷನ್ ಅದರಲ್ಲಿ ಸೇರುತ್ತದೆಯೇ, ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಮೊದಲೇ ಕೇಳಿ.

ಕಾಯಬಾರದ ಲಕ್ಷಣ

ಕಡಬದ ಕಡೆಯ ಒಬ್ಬ ಹಿರಿಯರಿಗೆ ಬೆನ್ನುನೋವು ಜೋರಾಗಿ ಕಾಲಿನ ಬಲ ಕುಂದಿತು. ಮನೆಯವರು ವಾತವೆಂದು ಒಂದು ವಾರ ಎಣ್ಣೆ ತಿಕ್ಕಿದರು. ಬೆನ್ನುಹುರಿಗೆ ಒತ್ತು ಬಿದ್ದಿತ್ತು. ಆಸ್ಪತ್ರೆ ಮುಟ್ಟುವಾಗ ತಡವಾಗಿತ್ತು. ಅವರು ಮತ್ತೆ ನಡೆಯಲಿಲ್ಲ. ಎಲುಬಿಗೆ ಹರಡಿದವರಿಗೆ ಹೊಸದಾಗಿ ಬೆನ್ನುನೋವು ಹೆಚ್ಚಿದರೆ, ಕಾಲು ಸೋತರೆ ಅಥವಾ ಜೋಮು ಹಿಡಿದರೆ, ಮೂತ್ರ ಮಲದ ಹಿಡಿತ ತಪ್ಪಿದರೆ ಅದೇ ದಿನ ಹೊರಡಿ. ರಾತ್ರಿಯಾದರೂ ಸರಿ.

ಸಂಘ ಏನು ಮಾಡಬಹುದು?

1. ನಮ್ಮ ಸಂಘದ ಮನೆಗಳಲ್ಲಿ ಇಂಥ ರೋಗಿ ಇದ್ದಾರೆಯೇ? ಅವರ ಒಪ್ಪಿಗೆ ಪಡೆದು ಯಾರು ಭೇಟಿ ಮಾಡುತ್ತೀರಿ?
2. ಇಂಜೆಕ್ಷನ್ ದಿನ ಜೊತೆಗೆ ಹೋಗುವವರು, ಮರುದಿನ ಗಂಜಿ ಬೇಯಿಸಿ ಕೊಡುವವರು ಯಾರು?
3. ಮಳೆಗಾಲದಲ್ಲಿ ಅವರ ಅಂಗಳದ ಪಾಚಿ ತೆಗೆಯಲು, ಬಚ್ಚಲಿಗೆ ಹಿಡಿಕೆ ಹಾಕಿಸಲು ನಾವು ಒಂದು ದಿನ ಕೊಡಬಹುದೇ?
4. ತುರ್ತು ಪ್ರಯಾಣಕ್ಕೆ ಸಂಘದ ನಿಧಿಯಿಂದ ಎಷ್ಟು ಕೊಡಬಹುದು? ಇಂದೇ ನಿರ್ಣಯ ಪುಸ್ತಕದಲ್ಲಿ ಬರೆಯಿರಿ.

ನೋವನ್ನು ಬಾಯಿಬಿಟ್ಟು ಹೇಳುವುದು ದೂರು ಹೇಳಿದಂತೆ ಅಲ್ಲ. ಹೇಳಿದರೆ ಮಾತ್ರ ಡಾಕ್ಟರರಿಗೆ ಗೊತ್ತಾಗುತ್ತದೆ. ಹೇಳಲು ಧೈರ್ಯವಿಲ್ಲದವರ ಪಕ್ಕದಲ್ಲಿ ನಾವು ಕೂತುಕೊಳ್ಳೋಣ.