ಕಾಲು ನಿಲ್ಲಿಸಲಾಗದ ಸೈಕಲ್‌ಗೆ ಮೂರು ಗೇರ್

ಇವತ್ತಿನ ಸಂಚಿಕೆ ಒಬ್ಬ ಗೆಳೆಯರ ಪ್ರಶ್ನೆಯಿಂದ ಶುರುವಾಗಿದ್ದು.

ನಾವು ಇರುವುದು ಐರ್ಲೆಂಡಿನ ಕಾರ್ಕ್ ನಗರದ ಪೂರ್ವಕ್ಕೆ, ಲಿಟಲ್ ಐಲ್ಯಾಂಡ್‌ನಲ್ಲಿ. ಹೆಸರು ಚಿಕ್ಕ ದ್ವೀಪ ಅಂತ. ಆದರೆ ಔಷಧ ಕಾರ್ಖಾನೆಗಳು, ಗೋದಾಮುಗಳು, ಕಚೇರಿಗಳು ತುಂಬಿಕೊಂಡಿರುವ ಕೈಗಾರಿಕಾ ಪ್ರದೇಶ ಇದು. ರೈಲು ನಿಲ್ದಾಣವೂ ಇದೆ. ಒಳಗಿನ ರಸ್ತೆಗಳು ಹೆಚ್ಚಾಗಿ ಸಮತಟ್ಟು. ಉತ್ತರಕ್ಕೆ ಗ್ಲೌನ್‌ಥೋನ್ ಕಡೆ ಹೊರಟರೆ ಮಾತ್ರ ಗುಡ್ಡ ನೆಟ್ಟಗೆ ಎದುರು ನಿಲ್ಲುತ್ತದೆ. ಕಾರ್ಕ್ ನಗರವಂತೂ ಏರಿಳಿತಗಳದ್ದೇ ಊರು. ಅಲ್ಲಿನ ಸೇಂಟ್ ಪ್ಯಾಟ್ರಿಕ್ಸ್ ಹಿಲ್ ಎಂಬ ಕಡಿದಾದ ಬೀದಿಯನ್ನು 1980ರ ದಶಕದ ನಿಸ್ಸಾನ್ ಕ್ಲಾಸಿಕ್ ಸೈಕಲ್ ಸ್ಪರ್ಧೆಯಲ್ಲಿ ವೃತ್ತಿಪರರೂ ಏದುಸಿರು ಬಿಡುತ್ತಾ ಹತ್ತಿದ್ದರು.

ನಮ್ಮ ಗೆಳೆಯರು ದಾವಣಗೆರೆಯವರು. ಶಿಫ್ಟ್ ಕೆಲಸ. ಬೆಳಗಿನ ಪಾಳಿಗೆ ರೈಲು ಹೊಂದುವುದಿಲ್ಲ, ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ಇನ್ನೂ ಕೈಗೆ ಬಂದಿಲ್ಲ. ಹಾಗಾಗಿ ಸೈಕಲ್ಲೇ ಗತಿ. ಬಲ ಮಂಡಿ ಬೇರೆ ಆಗಾಗ ಕಾಟ ಕೊಡುತ್ತೆ. ನಮ್ಮ ಸೈಕಲ್ ನೋಡಿ ಅವರು ಕೇಳಿದರು: “ಅಲ್ರೀ, ನಿಮ್ಮದು ಫಿಕ್ಸ್‌ಡ್ ಅಂತೀರಿ, ಮತ್ತೆ ಮೂರು ಗೇರ್ ಐತಿ ಅಂತೀರಿ. ಗೇರ್ ಇದ್ದ ಮೇಲೆ ಇಳಿಜಾರಿನಾಗ ಕಾಲಿಗೆ ರೆಸ್ಟ್ ಸಿಗಂಗಿಲ್ಲೇನು?”

ಸಿಗುವುದಿಲ್ಲ. ಯಾಕೆ ಸಿಗುವುದಿಲ್ಲ, ಆಗ ನಮ್ಮ ಸ್ನಾಯುವಿನೊಳಗೆ ಏನಾಗುತ್ತೆ ಅನ್ನೋದೇ ಇವತ್ತಿನ ವಿಷಯ.

ಮೊದಲು ಫಿಕ್ಸ್‌ಡ್ ಅಂದರೇನು ನೋಡೋಣ. ಮಕ್ಕಳ ಮೂರು ಗಾಲಿಯ ಸೈಕಲ್ ನೆನಪಿಸಿಕೊಳ್ಳಿ. ಪೆಡಲ್ ಮುಂದಿನ ಚಕ್ರಕ್ಕೇ ಕೂತಿರುತ್ತೆ. ಚಕ್ರ ತಿರುಗಿದರೆ ಪೆಡಲ್ ತಿರುಗಲೇಬೇಕು. ಮಗು ಇಳಿಜಾರಿನಲ್ಲಿ ಎರಡೂ ಕಾಲು ಮೇಲೆತ್ತಿ ಕಿರುಚುತ್ತಲ್ವಾ, ಅದು ಇದಕ್ಕೇ. ಊರಲ್ಲಿ ನಾವೆಲ್ಲ ಓಡಿಸಿದ ದೊಡ್ಡ ಸೈಕಲ್‌ಗಳಲ್ಲಿ ಹಿಂದಿನ ಚಕ್ರಕ್ಕೆ ಫ್ರೀವೀಲ್ ಇತ್ತು. ಅದರೊಳಗಿನ ಸಣ್ಣ ಕೊಕ್ಕೆಗಳು ಮುಂದಕ್ಕೆ ತುಳಿದಾಗ ಹಿಡಿಯುತ್ತವೆ, ತುಳಿಯದಿದ್ದಾಗ ಜಾರುತ್ತವೆ. ಕಾಲು ನಿಲ್ಲಿಸಿದಾಗ ಕೇಳುವ ಟಿಕ್ ಟಿಕ್ ಸದ್ದು ಆ ಜಾರುವಿಕೆಯದ್ದು. ಫಿಕ್ಸ್‌ಡ್ ಸೈಕಲ್‌ನಲ್ಲಿ ಆ ಕೊಕ್ಕೆಗಳೇ ಇಲ್ಲ. ಚಕ್ರ, ಚೈನ್, ಪೆಡಲ್, ಕಾಲು, ನಾಲ್ಕೂ ಒಂದೇ ಸರಪಳಿ.

ಇನ್ನು ಹಬ್ ಗೇರ್. ಹಿಂದಿನ ಚಕ್ರದ ನಡುವಿನ ಡಬ್ಬಿಯೊಳಗೆ ಹಲ್ಲುಚಕ್ರಗಳನ್ನು ಅಡಗಿಸಿಡುವ ವಿದ್ಯೆ ಇದು. ಇದರ ಪ್ರಸಿದ್ಧ ಹೆಸರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಸ್ಟರ್ಮಿ-ಆರ್ಚರ್. ಅವರ ಮೂರು ಗೇರಿನ ಹಬ್ 1902ರಷ್ಟು ಹಳೆಯದು. ಹೆನ್ರಿ ಸ್ಟರ್ಮಿ, ಜೇಮ್ಸ್ ಆರ್ಚರ್ ಇಬ್ಬರ ಹೆಸರು ಅದಕ್ಕೆ ಉಳಿಯಿತು. ಆ ಕಥೆಯಲ್ಲಿ ವಿಲಿಯಂ ರೈಲಿ ಎಂಬ ಎಂಜಿನಿಯರ್‌ನ ಕೈಚಳಕ ದೊಡ್ಡದು, ಹೆಸರು ಮಾತ್ರ ಡಬ್ಬಿಯ ಮೇಲೆ ಬರಲಿಲ್ಲ.

ಆ ಹಬ್‌ನ ಒಳಗೆ ಒಂದು ಪುಟ್ಟ ಸೌರವ್ಯೂಹ ಇದೆ ಅಂದುಕೊಳ್ಳಿ. ನಡುವೆ ಅಚ್ಚಿಗೆ ಬಿಗಿದು ಕೂತ, ತಿರುಗದ ಸೂರ್ಯ. ಸುತ್ತ ಉರುಳುವ ಗ್ರಹಗಳು. ಅವುಗಳ ಹೊರಗೆ, ಒಳಮುಖವಾಗಿ ಹಲ್ಲುಗಳಿರುವ ಒಂದು ಬಳೆ. ಗ್ರಹಗಳನ್ನು ಹಿಡಿದಿರುವ ಒಂದು ಚೌಕಟ್ಟು.

ಈಗ ಒಂದು ಪೆನ್ಸಿಲ್, ಒಂದು ಸ್ಕೇಲ್ ತಗೊಳ್ಳಿ. ಮೇಜಿನ ಮೇಲೆ ಪೆನ್ಸಿಲ್, ಅದರ ಮೇಲೆ ಅಡ್ಡವಾಗಿ ಸ್ಕೇಲ್. ದುಂಡಗಿನ ಪೆನ್ಸಿಲ್ ಆದರೆ ಒಳ್ಳೆಯದು. ಸ್ಕೇಲನ್ನು 10 ಸೆಂಟಿಮೀಟರ್ ಮುಂದೆ ತಳ್ಳಿ. ಪೆನ್ಸಿಲ್ ಎಷ್ಟು ಮುಂದೆ ಹೋಯಿತು? 5 ಸೆಂಟಿಮೀಟರ್ ಮಾತ್ರ. ಹಬ್‌ನಲ್ಲಿ ಮೇಜು ಅಂದರೆ ಸೂರ್ಯ, ಪೆನ್ಸಿಲ್ ಅಂದರೆ ಗ್ರಹ, ಸ್ಕೇಲ್ ಅಂದರೆ ಬಳೆ. ಬಳೆಯನ್ನು ಚೈನ್ ತಿರುಗಿಸುತ್ತೆ, ಗ್ರಹಗಳ ಚೌಕಟ್ಟು ನಿಧಾನವಾಗಿ ಹಿಂಬಾಲಿಸುತ್ತಾ ಚಕ್ರವನ್ನು ತಿರುಗಿಸುತ್ತೆ. ಬಳೆ ಸೂರ್ಯನಿಗಿಂತ ದೊಡ್ಡದಾದ್ದರಿಂದ ಉತ್ತರ ಅರ್ಧ ಬರುವುದಿಲ್ಲ, ಬೇರೆ ಬರುತ್ತದೆ. ಸ್ಟರ್ಮಿ-ಆರ್ಚರ್‌ನ ಜನಪ್ರಿಯ ಎಡಬ್ಲ್ಯೂ ಹಬ್‌ನಲ್ಲಿ ಬಳೆಗೆ 60 ಹಲ್ಲು, ಸೂರ್ಯನಿಗೆ 20. 60ನ್ನು 60 ಮತ್ತು 20ರ ಮೊತ್ತದಿಂದ, ಅಂದರೆ 80ರಿಂದ ಭಾಗಿಸಿ. ಶೇಕಡಾ 75. ಚೈನ್ ಕಡೆಯ ಹಲ್ಲುಚಕ್ರ ನಾಲ್ಕು ಸುತ್ತು ತಿರುಗಿದರೆ ಸೈಕಲ್ ಚಕ್ರ ಮೂರು ಸುತ್ತು. ಕಾಲಿಗೆ ಭಾರ ಕಡಿಮೆ, ಅದೇ ಏರಿಗೆ ಬೇಕಾದ ಗೇರ್.

ಈ ಸೌರವ್ಯೂಹವನ್ನು ಫ್ರೀವೀಲ್ ಇಲ್ಲದೆ ಮಾಡಿದರೆ? ಸ್ಟರ್ಮಿ-ಆರ್ಚರ್ ಅದನ್ನೂ ಮಾಡಿತ್ತು. ಎಎಸ್‌ಸಿ ಎಂಬ ಮೂರು ಗೇರಿನ ಫಿಕ್ಸ್‌ಡ್ ಹಬ್‌ನ ಅನುಪಾತಗಳು ಶೇಕಡಾ 75, 90, 100. ಬ್ರಿಟನ್ನಿನ ಸ್ಪರ್ಧಾ ಸವಾರರಿಗೆ ಹತ್ತಿರ ಹತ್ತಿರದ ಗೇರ್ ಬೇಕಿತ್ತು. ಚೈನನ್ನೇ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ಗೆದ್ದ ಮೇಲೆ ಅದು ಮರೆಯಾಯಿತು. 2000ದಲ್ಲಿ ಕಂಪನಿ ತೈವಾನಿನ ಸನ್‌ರೇಸ್ ಕೈಗೆ ಹೋಯಿತು. ನಗರಗಳಲ್ಲಿ ಫಿಕ್ಸ್‌ಡ್ ಸೈಕಲ್ ಮತ್ತೆ ಫ್ಯಾಷನ್ ಆದಾಗ, 2009ರಲ್ಲಿ ಎಸ್3ಎಕ್ಸ್ ಎಂಬ ಹೊಸ ಹಬ್ ಬಂತು. ಇದರಲ್ಲಿ ಎರಡು ಸೂರ್ಯ. ಯಾವುದನ್ನು ಬಿಗಿ ಹಿಡಿಯುತ್ತೇವೆ ಅನ್ನುವುದರ ಮೇಲೆ ಶೇಕಡಾ 75 ಅಥವಾ 62.5. ಮೂರನೆಯದು ನೇರ, ಶೇಕಡಾ 100. ನೇರ ಗೇರಿನಲ್ಲಿ ನಮ್ಮ ಬಲ ಗ್ರಹಗಳ ಮೂಲಕ ಹಾಯುವುದೇ ಇಲ್ಲ, ಹಾಗಾಗಿ ಘರ್ಷಣೆಯ ನಷ್ಟವೂ ಕಡಿಮೆ. ಹೆಚ್ಚು ಹೊತ್ತು ಬಳಸುವ ಗೇರು ಇದೇ ಆಗುವಂತೆ ಹಲ್ಲುಚಕ್ರ ಆರಿಸಿಕೊಳ್ಳುವುದು ಜಾಣತನ.

ಸ್ವಲ್ಪ ಲೆಕ್ಕ. ನಮ್ಮ ಸೈಕಲ್‌ನಲ್ಲಿ ಮುಂದೆ 46 ಹಲ್ಲು, ಹಿಂದೆ 16. ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. ಪೆಡಲ್ ಒಂದು ಸುತ್ತು ಬಂದರೆ ನೇರ ಗೇರಿನಲ್ಲಿ ಸುಮಾರು 6 ಮೀಟರ್ ಸಾಗುತ್ತೇವೆ, ನಡುವಿನದರಲ್ಲಿ 4.5, ಕೆಳಗಿನದರಲ್ಲಿ 3.8. ಗುಡ್ಡ ಹತ್ತುವಾಗ ಗಂಟೆಗೆ 10 ಕಿಲೋಮೀಟರ್ ವೇಗ ಅಂದುಕೊಳ್ಳಿ. ನೇರ ಗೇರಿನಲ್ಲಾದರೆ ಕಾಲು ನಿಮಿಷಕ್ಕೆ 28 ಸುತ್ತು, ಅಂದರೆ ನಿಂತು ಒದ್ದಾಡಿಕೊಂಡು ತುಳಿಯಬೇಕು. ಕೆಳಗಿನ ಗೇರಿನಲ್ಲಿ 44 ಸುತ್ತು, ಒಂದೊಂದು ತುಳಿತಕ್ಕೂ ಮಂಡಿಯ ಮೇಲೆ ಬೀಳುವ ಭಾರ ಕಡಿಮೆ. ಒಂದೇ ಗೇರಿನ ಫಿಕ್ಸ್‌ಡ್‌ಗೆ ಹೋಲಿಸಿದರೆ ಇದು ದೊಡ್ಡ ಲಾಭ.

ಈಗ ಗುಡ್ಡದ ಆಚೆ ಕಡೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಇಳಿಯುವಾಗ ನೇರ ಗೇರಿನಲ್ಲಿ ಕಾಲು ನಿಮಿಷಕ್ಕೆ 110 ಸುತ್ತು ತಿರುಗಲೇಬೇಕು. ಕಷ್ಟ, ಆದರೂ ರೂಢಿಯಾದವರಿಗೆ ಸಾಧ್ಯ. ಅದೇ ವೇಗದಲ್ಲಿ ಕೆಳಗಿನ ಗೇರಿನಲ್ಲೇ ಉಳಿದಿದ್ದರೆ? 177 ಸುತ್ತು!

ಈ ಸಂಖ್ಯೆಯ ಹತ್ತಿರಕ್ಕೆ ನಾವು ಒಮ್ಮೆ ಹೋಗಿದ್ದೆವು. ಹಬ್ ಹಾಕಿಸಿದ ಎರಡನೇ ವಾರ, ಗ್ಲೌನ್‌ಥೋನ್ ಕಡೆಯ ಏರನ್ನು ಕೆಳಗಿನ ಗೇರಿನಲ್ಲಿ ಆರಾಮಾಗಿ ಹತ್ತಿ, ಖುಷಿಯಲ್ಲಿ ಗೇರ್ ಬದಲಿಸುವುದನ್ನೇ ಮರೆತೆವು. ಇಳಿಜಾರು ಶುರುವಾಯಿತು. ಮೊದಲು ಕಾಲು ಪೆಡಲ್ ತಿರುಗಿಸುತ್ತಿತ್ತು, ಆಮೇಲೆ ಪೆಡಲ್ಲೇ ಕಾಲನ್ನು ತಿರುಗಿಸತೊಡಗಿತು. ಈ ಹಬ್‌ನಲ್ಲಿ ಗೇರ್ ಬದಲಿಸಲು ತುಳಿತದ ಒತ್ತಡ ಒಂದು ಕ್ಷಣ ಸಡಿಲಾಗಬೇಕು. ನಾವು ಹೆದರಿ ಕಾಲಿನಿಂದ ಪೆಡಲ್ ಅನ್ನು ತಡೆಯುತ್ತಿದ್ದೆವು, ಹಾಗಾಗಿ ಅದೂ ಆಗಲಿಲ್ಲ. ಕೊನೆಗೆ ಎರಡೂ ಬ್ರೇಕ್ ಹಿಡಿದು ನಿಂತೆವು. ರಸ್ತೆ ಒದ್ದೆಯಾಗಿತ್ತು, ಎದುರು ವಾಹನ ಇರಲಿಲ್ಲ, ಅದು ನಮ್ಮ ಪುಣ್ಯ.

ಅಂದು ರಾತ್ರಿ ಏನೂ ನೋವಿಲ್ಲ. ಎರಡನೇ ದಿನ ಬೆಳಿಗ್ಗೆ ಮೆಟ್ಟಿಲು ಇಳಿಯಲು ಹೋದರೆ ತೊಡೆ ಎರಡೂ ಕಲ್ಲು! ಜೀವವಿಜ್ಞಾನ ಓದಿದ ನಮಗೆ ಇದು ಮೊದಲೇ ಹೊಳೆಯಬೇಕಿತ್ತು.

ಸ್ನಾಯು ಎರಡು ರೀತಿ ದುಡಿಯುತ್ತೆ. ಪೆಡಲ್ ತುಳಿಯುವಾಗ ತೊಡೆಯ ಸ್ನಾಯು ಬಲ ಹಾಕುತ್ತಾ ಗಿಡ್ಡವಾಗುತ್ತೆ. ಮೇಲೆ ಬರುತ್ತಿರುವ ಪೆಡಲನ್ನು ತಡೆಯುವಾಗ ಅದೇ ಸ್ನಾಯು ಬಲ ಹಾಕುತ್ತಲೇ ಎಳೆಯಲ್ಪಟ್ಟು ಉದ್ದವಾಗುತ್ತೆ. ತುಂಬಿದ ಕೊಡವನ್ನು ಮೇಲೆತ್ತುವುದು ಮೊದಲನೆಯದು, ಸದ್ದಾಗದಂತೆ ನಿಧಾನ ಕೆಳಗಿಡುವುದು ಎರಡನೆಯದು. ಎರಡನೆಯದಕ್ಕೆ ಋಣ ಕೆಲಸ ಅನ್ನುತ್ತಾರೆ.

ಇದನ್ನು ಅಳೆದ ಒಂದು ಸೊಗಸಾದ ಪ್ರಯೋಗ ನಡೆದದ್ದೂ ಸೈಕಲ್ ಮೇಲೆಯೇ. 1952ರಲ್ಲಿ ಅಬಟ್, ಬಿಗ್ಲೆಂಡ್, ರಿಚಿ ಎಂಬ ಮೂವರು ವಿಜ್ಞಾನಿಗಳು ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಿ ಚೈನ್‌ನಿಂದ ಜೋಡಿಸಿದರು. ಎರಡೂ ಒಂದು ಲೆಕ್ಕದಲ್ಲಿ ಫಿಕ್ಸ್‌ಡ್. ಒಬ್ಬರು ಮುಂದಕ್ಕೆ ತುಳಿಯುತ್ತಾರೆ, ಇನ್ನೊಬ್ಬರ ಪೆಡಲ್ ಹಿಂದಕ್ಕೆ ತಿರುಗುತ್ತೆ, ಅವರು ಅದನ್ನು ತಡೆಯುತ್ತಾರೆ. ಬಲ ಒಂದೇ, ವೇಗ ಒಂದೇ. ಆದರೆ ಬಳಸಿದ ಆಮ್ಲಜನಕ ಅಳೆದರೆ, ತಡೆಯುವವರಿಗೆ ಬೇಕಾದದ್ದು ತುಳಿಯುವವರದ್ದಕ್ಕಿಂತ ಹಲವು ಪಟ್ಟು ಕಡಿಮೆ. ವೇಗ ಹೆಚ್ಚಿದಷ್ಟೂ ಅಂತರವೂ ಹೆಚ್ಚು.

ಹಾಗೇಕೆ? ಸ್ನಾಯುವಿನ ಎಳೆಯಲ್ಲಿ ಮಯೋಸಿನ್ ಎಂಬ ಪ್ರೋಟೀನಿನ ಸಣ್ಣ ಕೈಗಳು ಆಕ್ಟಿನ್ ಎಂಬ ಹಗ್ಗವನ್ನು ಹಿಡಿದು ಎಳೆಯುತ್ತವೆ. ಸಾಮಾನ್ಯವಾಗಿ ಪ್ರತಿ ಸಲ ಹಿಡಿತ ಬಿಡಲು ಒಂದು ಎಟಿಪಿ ಅಣು ಖರ್ಚಾಗಬೇಕು. ಹೊರಗಿನ ಬಲ ಹಗ್ಗವನ್ನೇ ಎಳೆದೊಯ್ದರೆ ಆ ಕೈಗಳು ಖರ್ಚಿಲ್ಲದೆ ಕಿತ್ತು ಬರುತ್ತವೆ, ಮತ್ತೆ ಹಿಡಿಯುತ್ತವೆ. ಖರ್ಚು ಕಡಿಮೆ, ಬಲ ಜಾಸ್ತಿ. ಆದರೆ ಬಿಟ್ಟಿ ಅಲ್ಲ. ಹೀಗೆ ಎಳೆತಕ್ಕೆ ಸಿಕ್ಕ ಎಳೆಗಳಲ್ಲಿ ಸೂಕ್ಷ್ಮ ಹಾನಿಯಾಗುತ್ತೆ, ಆ ನೋವು ಒಂದೆರಡು ದಿನ ತಡವಾಗಿ ಕಾಣಿಸುತ್ತೆ. ಉಸಿರು ಏರಲಿಲ್ಲ, ಬೆವರು ಬರಲಿಲ್ಲ ಅಂತ ದೇಹ ನಮಗೆ ಎಚ್ಚರಿಕೆಯನ್ನೇ ಕೊಡುವುದಿಲ್ಲ. ಸಮಾಧಾನದ ಸಂಗತಿ ಅಂದರೆ ಸ್ನಾಯು ಬೇಗ ಕಲಿಯುತ್ತೆ. ಅದೇ ಕೆಲಸ ಕೆಲವು ದಿನ ಬಿಟ್ಟು ಮತ್ತೆ ಮಾಡಿದರೆ ನೋವು ಗಣನೀಯವಾಗಿ ಕಡಿಮೆ. ಅದಕ್ಕೇ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಕೊಳ್ಳಬೇಕು.

ಈಗ ಗೆಳೆಯರ ಪ್ರಶ್ನೆಗೆ ಉತ್ತರ ಸಿಕ್ಕಿತಲ್ವಾ? ಗೇರು ಮಾಡುವುದು ಬಲ ಮತ್ತು ವೇಗದ ವಿನಿಮಯ ಮಾತ್ರ. ಕೆಳಗಿನ ಗೇರಿನಲ್ಲಿ ಬಲ ಕಡಿಮೆ, ಸುತ್ತು ಹೆಚ್ಚು. ನೇರ ಗೇರಿನಲ್ಲಿ ಸುತ್ತು ಕಡಿಮೆ, ತಡೆಯಲು ಹೋದರೆ ಬೇಕಾದ ಬಲ ಹೆಚ್ಚು. ಎಷ್ಟು ಅನ್ನುವುದನ್ನು ಆರಿಸಬಹುದು, ಸೊನ್ನೆಯನ್ನು ಆರಿಸಲಾಗದು. ಸೊನ್ನೆ ಕೊಡುವುದು ಫ್ರೀವೀಲ್ ಮಾತ್ರ.

ಈ ಹಬ್ ಬಳಸುವವರು ತಿಳಿದಿರಬೇಕಾದ ಇನ್ನೆರಡು ಸಂಗತಿ ಇವೆ. ಒಂದು, ಆಟ. ಮೆಕ್ಯಾನಿಕ್‌ಗಳು ಪ್ಲೇ ಅಂತಾರಲ್ಲ, ಅದು. ಹಲ್ಲುಗಳ ನಡುವೆ ಸಣ್ಣ ಸಂದು ಇರಲೇಬೇಕು. ಸಾಮಾನ್ಯ ಹಬ್‌ನಲ್ಲಿ ತುಳಿತ ಒಂದೇ ದಿಕ್ಕಿಗೆ, ಸಂದು ಗೊತ್ತಾಗುವುದಿಲ್ಲ. ಇಲ್ಲಿ ತುಳಿತದಿಂದ ತಡೆಗೆ ಬದಲಿಸಿದಾಗೆಲ್ಲ ಒಳಗಿನ ಅಷ್ಟೂ ಸಂದು ಆಚೆ ಬದಿಗೆ ದಾಟುತ್ತೆ, ಟಕ್ ಅನ್ನುತ್ತೆ. ಗೇರ್ ಇಲ್ಲದ ಫಿಕ್ಸ್‌ಡ್ ಸೈಕಲ್ ಓಡಿಸಿ ರೂಢಿಯಾದವರಿಗೆ ಮೊದಮೊದಲು ಇದು ಕಿರಿಕಿರಿ.

ಎರಡು, ಅಚ್ಚು. ಕೆಳಗಿನ ಎರಡು ಗೇರಿನಲ್ಲಿ ತಿರುಗದೆ ನಿಂತ ಸೂರ್ಯ ತನ್ನ ಮೇಲೆ ಬೀಳುವ ತಿರುಚು ಬಲವನ್ನು ಅಚ್ಚಿಗೆ ದಾಟಿಸುತ್ತೆ. ತುಳಿದಾಗ ಒಂದು ದಿಕ್ಕಿಗೆ, ತಡೆದಾಗ ವಿರುದ್ಧ ದಿಕ್ಕಿಗೆ. ಹೀಗೆ ಅತ್ತಿತ್ತ ತಿರುಚಿದರೆ ನಟ್ ಸಡಿಲವಾಗಬಹುದು. ಅಚ್ಚು ತಿರುಗದಂತೆ ಹಿಡಿಯುವ ಹಲ್ಲಿನ ವಾಷರ್ ಕಡ್ಡಾಯ, ನಟ್ ಬಿಗಿ ಇದೆಯಾ ಅಂತ ಆಗಾಗ ನೋಡುತ್ತಿರಬೇಕು. ಗೇರ್ ಕೇಬಲ್ ಕೂಡ ಸರಿಯಾಗಿ ಹೊಂದಿಸಿರಬೇಕು, ಇಲ್ಲದಿದ್ದರೆ ಗೇರ್ ನೆಟ್ಟಗೆ ಕೂರುವುದಿಲ್ಲ. ಈ ಎರಡೂ ಕಾರಣಕ್ಕೆ, ಕಾಲೇ ಬ್ರೇಕ್ ಅಂತ ನಂಬಿ ಹೊರಡಬೇಡಿ. ಮುಂದೊಂದು, ಹಿಂದೊಂದು, ಎರಡು ಕೈಬ್ರೇಕ್ ಇರಲಿ.

ನಮ್ಮ ಕ್ರಮ ಈಗ ಹೀಗಿದೆ. ಏರು ಶುರುವಾಗುವ ಮುಂಚೆಯೇ ಕೆಳಗಿನ ಗೇರ್. ನೆತ್ತಿ ತಲುಪುವ ಮೊದಲೇ ತುಳಿತ ಹಗುರ ಮಾಡಿ ನೇರ ಗೇರ್. ಇಳಿಜಾರಿನಲ್ಲಿ ವೇಗ ಏರಲು ಬಿಡದೆ ಕೈಬ್ರೇಕ್. ಕಾಲಿನ ತಡೆ ಜಂಕ್ಷನ್ ಬಳಿ, ಸಣ್ಣ ಪ್ರಮಾಣದಲ್ಲಿ ಮಾತ್ರ.

ಹಾಗಾದರೆ ಗೆಳೆಯರಿಗೆ ಏನು ಹೇಳಿದೆವು? “ನಿಮಗೆ ಇದು ಬೇಡ. ಫ್ರೀವೀಲ್ ಇರುವ ಮಾಮೂಲಿ ಮೂರು ಗೇರಿನ ಹಬ್ ತಗೊಳ್ಳಿ. ಮಳೆ, ಕೆಸರು ಯಾವುದೂ ಒಳಗಿನ ಗೇರಿಗೆ ಸುಲಭಕ್ಕೆ ತಟ್ಟಲ್ಲ, ಏರಿಗೆ ಅದೇ ಶೇಕಡಾ 75 ಸಿಗುತ್ತೆ, ಇಳಿಜಾರಿನಲ್ಲಿ ಮಂಡಿಗೆ ಬಿಡುವೂ ಸಿಗುತ್ತೆ. ಮಂಡಿಯನ್ನು ಮಾತ್ರ ಮೊದಲು ಫಿಸಿಯೋಗೆ ತೋರಿಸಿ,” ಅಂದೆವು. ಫಿಕ್ಸ್‌ಡ್ ಸವಾರಿಯ ಹಿಡಿತ ಇಷ್ಟಪಟ್ಟು, ದಾರಿಯಲ್ಲಿ ಗುಡ್ಡವೂ ಇರುವವರಿಗೆ ಎಸ್3ಎಕ್ಸ್ ಒಳ್ಳೆಯ ಸಂಗಾತಿ. ಬರೀ ಕೆಲಸಕ್ಕೆ ಹೋಗಿ ಬರಬೇಕಾದ ನೋವಿನ ಮಂಡಿಗೆ ಅಲ್ಲ.

ಅವರು ಸ್ವಲ್ಪ ಹೊತ್ತು ಯೋಚಿಸಿ, “ಮತ್ತ ನೀವ್ಯಾಕ್ ಇಟ್ಕೊಂಡೀರಿ?” ಅಂದರು. ಇಷ್ಟ ಅಂತ, ಅಷ್ಟೇ. ಅದಕ್ಕೆ ವಿಜ್ಞಾನದ ಕಾರಣ ಏನೂ ಇಲ್ಲ.

ಪೆನ್ಸಿಲ್ ಮತ್ತು ಸ್ಕೇಲಿನ ಪ್ರಯೋಗ ಮನೆಯಲ್ಲಿ ಮಕ್ಕಳ ಜೊತೆ ಮಾಡಿ ನೋಡಿ.